ಕಂದು ಬಾಟಲಿಯ ಎರಡು ಚೀಟಿ

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನ ಕತೆಯಲ್ಲ. ನನ್ನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮೂವತ್ತೊಂದು ವರ್ಷ ಒಂದು ಪ್ರಯೋಗಾಲಯದ ಸ್ಟೋರ್ ಕಾದೆ, ಅಷ್ಟೆ. ಗಾಜು, ಸ್ಪಿರಿಟ್ಟು, ಸೋಸುವ ಕಾಗದ, ಸಾಬೂನು, ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಜನ ಹಿಂದಿನಿಂದ ನನ್ನನ್ನು ‘ಬೀಗ’ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಹೇಳಹೊರಟಿರುವುದು ಎಲೆಯಕ್ಕನ ಕತೆ. ಅದರಲ್ಲಿ ನಾನು ಎಲ್ಲಿ ಬರುತ್ತೇನೋ ಅಲ್ಲಿ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ತಪ್ಪಿಸಿಕೊಂಡಿದ್ದು ಸಾಕು.

ಎಲೆಯಕ್ಕ ನಮ್ಮಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಗಾಜಿನ ಸಾಮಾನು ತೊಳೆಯಲು ಬಂದವಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಆದರೂ ಇಡೀ ಕಟ್ಟಡಕ್ಕೆ ಅಕ್ಕನಾದಳು. ನನ್ನನ್ನು ಮಾತ್ರ ಮೊದಲ ದಿನದಿಂದಲೂ ‘ಅಣ್ಣಾ’ ಎಂದಳು. ನನಗೆ ಒಡಹುಟ್ಟಿದವರಿಲ್ಲ. ಆ ಮಾತು ಇಷ್ಟವಾಗುತ್ತಿತ್ತು, ಆದರೆ ಮುಖದ ಮೇಲೆ ತೋರಿಸಿಕೊಳ್ಳುತ್ತಿರಲಿಲ್ಲ. ತೋರಿಸಿಕೊಂಡರೆ ನಾಳೆ ಬಂದು ಎರಡು ಸಾಬೂನು ಹೆಚ್ಚಿಗೆ ಕೇಳುತ್ತಾರೆ.

ನಮ್ಮ ಪ್ರೊಫೆಸರು ಔಷಧಿ ಗಿಡಗಳ ಹಿಂದೆ ಬಿದ್ದವರು. ಎಲೆ, ಬೇರು, ತೊಗಟೆ ಏನು ಸಿಕ್ಕಿದರೂ ಅದರ ಸಾರ ತೆಗೆದು ಪರೀಕ್ಷೆಗೆ ಹಾಕಬೇಕು. ಕೊಯ್ದಿಟ್ಟ ಸೇಬು ಸ್ವಲ್ಪ ಹೊತ್ತಿಗೆ ಕಂದು ತಿರುಗುತ್ತದಲ್ಲ, ಮೈಯೊಳಗೂ ಅಂಥದ್ದೇ ಒಂದು ಕೆಡುಕು ದಿನವೂ ನಡೆಯುತ್ತದಂತೆ. ಅದನ್ನು ತಡೆಯುವ ಗುಣ ಕೆಲವು ಗಿಡಗಳಲ್ಲಿದೆ. ಪುಸ್ತಕದಲ್ಲಿ ಅದಕ್ಕೆ ಉತ್ಕರ್ಷಣ ನಿರೋಧಕ ಎನ್ನುತ್ತಾರೆ, ನಾವೆಲ್ಲ ಆಂಟಿಆಕ್ಸಿಡೆಂಟ್ ಎನ್ನುತ್ತಿದ್ದೆವು. ಅದನ್ನು ಅಳೆಯುವುದು ನೋಡಲು ಚೆಂದ. ಗಾಢ ನೇರಳೆ ಬಣ್ಣದ ಒಂದು ದ್ರಾವಣವಿದೆ. ಅದಕ್ಕೆ ಎಲೆಯ ಸಾರ ಹನಿಸಬೇಕು. ಸಾರದಲ್ಲಿ ಕಸುವಿದ್ದರೆ ನೇರಳೆ ಕರಗಿ ಹಳದಿಯಾಗುತ್ತದೆ, ಇಲ್ಲದಿದ್ದರೆ ಹಾಗೇ ಇರುತ್ತದೆ. ಎಷ್ಟು ಬಣ್ಣ ಹೋಯಿತು ಎನ್ನುವುದನ್ನು ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಹೋಲಿಸಿ ನೋಡಲು ಪಕ್ಕದ ನಳಿಕೆಗೆ ವಿಟಮಿನ್ ಸಿ ಹಾಕುತ್ತಿದ್ದರು. ನೇರಳೆಯನ್ನು ಓಡಿಸುವುದರಲ್ಲಿ ಅದು ಎಲ್ಲಕ್ಕಿಂತ ಮುಂದು.

ಎಲೆಯಿಂದ ಸಾರದವರೆಗಿನ ಕೆಲಸ ಪೂರ್ತಿ ಎಲೆಯಕ್ಕನದು. ಯಾರೂ ಕಲಿಸಲಿಲ್ಲ, ನೋಡಿ ನೋಡಿ ಕಲಿತಳು. ಹಿಂದಿನ ಕೋಣೆಯ ನೆರಳಿನಲ್ಲಿ ಬಟ್ಟೆಯ ಮೇಲೆ ಎಲೆ ಹರವಿ ಫ್ಯಾನ್ ಹಾಕುತ್ತಿದ್ದಳು. ಒಣಗಿತೋ ಇಲ್ಲವೋ ಎಂದು ನೋಡಲು ಒಂದೆಲೆ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಆ ಸದ್ದು ಕೇಳಿ, “ಇನ್ನೊಂದು ದಿನ ಬೇಕು” ಎಂದರೆ ಇನ್ನೊಂದು ದಿನ ಬೇಕೇ ಬೇಕು. ಆಮೇಲೆ ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಸ್ಪಿರಿಟ್ಟನ್ನು ಆರಿಸಿದರೆ ತಳದಲ್ಲಿ ಡಾಂಬರಿನಂಥ ಅಂಟು ಉಳಿಯುತ್ತದೆ. ಅದನ್ನು ಕೆರೆದು ಕಂದು ಬಾಟಲಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಫ್ರಿಜ್ಜಿಗೆ ಇಡಬೇಕು. ಇಪ್ಪತ್ತೊಂದು ವರ್ಷ ಇದೇ ಕೆಲಸ. ಅವಳ ಉಗುರಿನ ಸಂದಿ ಯಾವಾಗಲೂ ಹಸಿರುಗಪ್ಪು. ಕೆಲಸ ಮಾತ್ರ ಕಾಯಂ ಆಗಲಿಲ್ಲ. ವರ್ಷಕ್ಕೊಮ್ಮೆ ಪ್ರೊಫೆಸರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಬಾಟಲಿಯ ವಿಷಯಕ್ಕೆ ಬರುತ್ತೇನೆ.

ಆ ಸಲ ತಂದಿದ್ದು ಗೋಡೆಬಳ್ಳಿ. ನಾವು ಇಟ್ಟ ಹೆಸರು ಅದು, ಕಾಂಪೌಂಡಿನ ಗೋಡೆ ತುಂಬ ಹಬ್ಬಿದ್ದ ಒಂದು ಕಳೆ. ಸಾರ ತಯಾರಾದ ದಿನ ಎಲೆಯಕ್ಕ ಸ್ಟೋರಿನ ಕಿಟಕಿಗೆ ಬಂದಳು.

“ಅಣ್ಣಾ, ಒಂದು ಕಂದು ಬಾಟ್ಲಿ ಕೊಡಿ. ಹೊಸದು.”

“ಹೊಸದು ಹೊಸದು ಅಂತೀಯಲ್ಲ, ನಿಮ್ಮಪ್ಪನ ಮನೆ ಗಂಟಾ? ಖಾಲಿ ಬಾಟ್ಲಿ ರಾಶಿ ಬಿದ್ದಿದೆ, ತೊಳ್ಕೊಂಡು ಹಾಕು.”

“ಅದರಲ್ಲಿ ಏನೇನಿತ್ತೋ ಏನೋ.”

“ಮನೇಲಿ ಕಾಫಿಪುಡಿ ಡಬ್ಬಿಗೆ ಸಕ್ಕರೆ ತುಂಬಲ್ವಾ ನೀನು? ಹೋಗಮ್ಮಾ, ತಲೆ ತಿನ್ಬೇಡ.”

ಅವಳು ನಕ್ಕಳು. ಅವಳ ಅಡುಗೆಮನೆಯಲ್ಲಿ ಮೇಲೊಂದು ಹೆಸರು ಒಳಗೊಂದು ಸಾಮಾನು ಇರುವ ಡಬ್ಬಿಗಳೇ ಎಲ್ಲ ಎಂದು ಅವಳೇ ನನಗೆ ಹೇಳಿದ್ದಳು. ರಾಸಾಯನಿಕ ಇದ್ದ ಬಾಟಲಿಯನ್ನು ಮತ್ತೆ ಬಳಸಕೂಡದು, ಒಡೆದು ಹಾಕಬೇಕು ಎಂಬ ನಿಯಮ ಗೋಡೆಯ ಮೇಲೆಯೇ ಇತ್ತು. ಕೆಳಗೆ ನನ್ನದೇ ಸಹಿ. ಒಡೆದರೆ ವರ್ಷದ ಕೊನೆಗೆ ಬಾಟಲಿ ಸಾಲದೆ ನಾನು ಮೇಲಿನವರಿಂದ ಬೈಸಿಕೊಳ್ಳಬೇಕು. ಅದಕ್ಕೇ ರಾಶಿ ಹಾಕಿದ್ದೆ. ಅವಳು ಅದರಲ್ಲಿ ಒಂದನ್ನು ಆರಿಸಿಕೊಂಡು ಹೋದಳು. ಅದು ವಿಟಮಿನ್ ಸಿ ಪುಡಿಯ ಬಾಟಲಿ. ನೀರಲ್ಲಿ ತೊಳೆದರೆ ಬೇಗ ಆರುವುದಿಲ್ಲ, ಅಂಟಿಗೆ ನೀರು ಸೇರಿದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಒಂದು ಗುಟುಕು ಸ್ಪಿರಿಟ್ಟು ಹಾಕಿ ಕುಲುಕಿ ಚೆಲ್ಲಿದಳು. ಹಳೆಯ ಪುಡಿ ತೇವ ಹಿಡಿದು ತಳಕ್ಕೆ ಕಲ್ಲಿನಂತೆ ಕಚ್ಚಿಕೊಂಡಿದ್ದು ಕಂದು ಗಾಜಿನಲ್ಲಿ ಕಾಣಲಿಲ್ಲ. ಸ್ಪಿರಿಟ್ಟಿಗೆ ಅದು ಸರಿಯಾಗಿ ಕರಗುವುದೂ ಇಲ್ಲ. ಪರೀಕ್ಷೆಗೆಂದು ತಳದಿಂದ ಅಂಟು ಕೆರೆದಾಗ ಅದೂ ಜೊತೆಗೆ ಬರುತ್ತಿತ್ತು. ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದಳು: ಗೋಡೆಬಳ್ಳಿ.

ಪರೀಕ್ಷೆಯ ದಿನ ನೇರಳೆ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಪ್ರೊಫೆಸರು ಕುರ್ಚಿ ಬಿಟ್ಟು ಎದ್ದರು. ಎರಡನೆಯ ಸಲ ಮಾಡಿಸಿದರು, ಮೂರನೆಯ ಸಲ ಮಾಡಿಸಿದರು. ಮೂರು ಸಲವೂ ಅದೇ ಬಾಟಲಿಯಿಂದ ತೆಗೆದರೆ ಮೂರು ಸಲವೂ ಅದೇ ತಾನೇ ಬರುವುದು? ಆಗ ಯಾರಿಗೂ ಅದು ಹೊಳೆಯಲಿಲ್ಲ. ಕಾಂಪೌಂಡಿನ ಕಳೆ ರಾತ್ರೋರಾತ್ರಿ ಸಂಜೀವಿನಿಯಾಯಿತು. ಲೇಖನ ಅಚ್ಚಾಯಿತು, ಪತ್ರಿಕೆಯವರು ಬಂದರು, ಒಂದು ಕಂಪನಿ ಕ್ಯಾಪ್ಸೂಲ್ ಮಾಡುತ್ತೇನೆಂದು ಮುಂದೆ ಬಂತು. ಆಮೇಲೆ ತೆಗೆದ ಸಾರಗಳು ಸಪ್ಪೆಯಾಗಿದ್ದವು. ಪ್ರೊಫೆಸರು, “ಈ ಸಲ ಎಲೆಯ ಕಾಲ ಸರಿಯಿಲ್ಲ” ಎಂದರು. ಎಲ್ಲರೂ ಹೌದು ಹೌದು ಎಂದೆವು.

ಲೇಖನದ ಕೊನೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ಸಾರ ತಯಾರಿಸಿಕೊಟ್ಟವರಿಗೆ ಕೃತಜ್ಞತೆ ಎಂದು ಎಲೆಯಕ್ಕನ ಹೆಸರಿತ್ತು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಅಚ್ಚಾಗಿದ್ದು ಅದೇ ಮೊದಲು. ಆ ಪುಟವನ್ನು ಮನೆಗೆ ಒಯ್ದಳು. ಅವಳ ಗಂಡ ಅದಕ್ಕೆ ಕಟ್ಟು ಹಾಕಿಸಿ, ಬಾಗಿಲು ತೆರೆದ ಕೂಡಲೇ ಕಾಣುವಂತೆ ಮೊಳೆ ಹೊಡೆದು ತೂಗುಹಾಕಿದ.

ಅವನು ಸಿಟಿ ಬಸ್ಸಿನ ಡ್ರೈವರು. ಡಿಪೋದಲ್ಲಿ ಅವನನ್ನು ‘ಹಾರನ್’ ಎನ್ನುತ್ತಿದ್ದರು, ಗಂಟಲು ಹಾಗಿತ್ತು. ಅವನು ಗುಟ್ಟು ಹೇಳಿದರೆ ಮೂರನೆಯ ಮನೆಯವರು ಉತ್ತರ ಕೊಡಬೇಕು. ಒಳ್ಳೆಯ ಮನುಷ್ಯ. ಹೆಂಡತಿಯನ್ನು ಕಂಡರೆ ಪ್ರಾಣ. ರಕ್ತದೊತ್ತಡವಿತ್ತು, ಆರು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದ, ನುಂಗುವಾಗಲೆಲ್ಲ ಗೊಣಗುತ್ತಿದ್ದ. ನಳಿಕೆಯಲ್ಲಿ ನೇರಳೆ ಬಣ್ಣ ಹೋದರೆ ಮನುಷ್ಯನ ರಕ್ತದೊತ್ತಡ ಇಳಿಯುತ್ತದೆ ಎಂದು ಲೇಖನದಲ್ಲಿ ಯಾರೂ ಬರೆದಿರಲಿಲ್ಲ. ಪತ್ರಿಕೆಯವರು ಬರೆದರು: ಹೃದಯಕ್ಕೆ ಒಳ್ಳೆಯದು, ಒತ್ತಡಕ್ಕೆ ಒಳ್ಳೆಯದು, ಮುಪ್ಪಿಗೆ ಒಳ್ಳೆಯದು. ಹಾರನ್ ಅವತ್ತೇ ಮಾತ್ರೆಯ ಡಬ್ಬಿಯನ್ನು ಅಟ್ಟದ ಮೇಲೆ ಎಸೆದ. “ಊರಿನವರೆಲ್ಲ ನನ್ ಹೆಂಡ್ತಿ ಎಲೆ ತಿಂದು ಗುಣ ಆಗ್ತಾರಂತೆ, ನಾನ್ಯಾಕೆ ಬೇರೆಯವರ ಮಾತ್ರೆ ನುಂಗ್ಲಿ?” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದನಂತೆ. ಅವಳಿಂದಲೇ ಗೋಡೆಬಳ್ಳಿಯ ಪುಡಿ ಮಾಡಿಸಿಕೊಂಡು ಬೆಳಗ್ಗೆ ಒಂದು ಲೋಟ ನೀರಿಗೆ ಕಲಸಿ ಕುಡಿಯತೊಡಗಿದ.

ಇದಾಗಿ ಎರಡು ವಾರವೂ ಆಗಿರಲಿಲ್ಲ. ಆ ಮೊದಲ ಬಾಟಲಿಯ ಸಾರ ಮುಗಿಯಿತು. ಎಲೆಯಕ್ಕ ಖಾಲಿ ಬಾಟಲಿಯನ್ನು ಮತ್ತೆ ಬಳಸೋಣವೆಂದು, ಚೀಟಿ ಬಿಡಲಿ ಎಂದು ಮುಚ್ಚಳ ಬಿಗಿದೇ ನೀರಿನಲ್ಲಿ ನೆನೆಹಾಕಿದಳು. ಅವಳ ಚೀಟಿ ಬಿಚ್ಚಿಕೊಂಡು ತೇಲಿತು. ಅದರ ಕೆಳಗೆ ಹಳೆಯ ಚೀಟಿ ಕಂಡಿತು.

ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟೋರಿಗೆ ಬಂದಳು. “ಅಣ್ಣಾ, ಇದು ನೋಡಿ” ಎಂದು ಬೆಳಕಿಗೆ ಹಿಡಿದಳು. ತಳದ ಮೂಲೆಯಲ್ಲಿ ಇನ್ನೂ ಒಂದು ಬಿಳಿ ಹಕ್ಕಳೆ ಉಳಿದಿತ್ತು. ಅವಳು ಅದನ್ನು ಚೂರು ಕೆರೆದು, ನೇರಳೆ ನಳಿಕೆಗೆ ಹಾಕಿ ನೋಡಿಯೇ ಬಂದಿದ್ದಳು.

“ಬಣ್ಣ ಓಡಿಸಿದ್ದು ಎಲೆ ಅಲ್ಲ ಅಣ್ಣಾ. ಇದು.”

ನನಗೆ ಎಲ್ಲ ಅರ್ಥವಾಯಿತು. ಆದರೂ ಬಾಯಿ ತನ್ನ ಅಭ್ಯಾಸದಂತೆ ಗದರಿತು. “ಸುಮ್ನಿರು. ಬಿಸಾಕು ಅದನ್ನ. ಯಾರಿಗೂ ಹೇಳ್ಬೇಡ. ಅಷ್ಟು ದೊಡ್ಡವರು ಬರೆದಿದ್ದನ್ನ ನೀನು ಸುಳ್ಳು ಅಂತೀಯಾ? ಇನ್ನು ಮೂರ್ನಾಲ್ಕು ತಿಂಗಳಿಗೆ ನಿನ್ನ ಸಹಿ ಇದೆ, ನೆನಪಿರಲಿ.”

“ನಮ್ಮೆಜಮಾನ್ರು ಮಾತ್ರೆ ಬಿಟ್ಟಿದ್ದಾರೆ ಅಣ್ಣಾ.”

“ಹೆದರಿಸಿ ನುಂಗಿಸು.”

ಬಾಟಲಿಯನ್ನು ಅವಳು ಬಿಸಾಡಲಿಲ್ಲ. ಹೆದರಿಸಿ ನೋಡಿದಳು, ಅತ್ತು ನೋಡಿದಳು, ಊಟ ಬಿಟ್ಟು ನೋಡಿದಳು. ಹಾರನ್ ಕಟ್ಟಿನ ಕಡೆಗೆ ಬೆರಳು ತೋರಿಸಿ ನಗುತ್ತಿದ್ದ. ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಅವನ ಗಂಟಲಿನ ಮೂಲಕ ಮಧ್ಯಾಹ್ನದೊಳಗೆ ಊರಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಪ್ರೊಫೆಸರಿಗೆ. ಆಮೇಲೆ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕಟ್ಟನ್ನು ಅವನ ಕೈಯಿಂದಲೇ ಇಳಿಸಬೇಕಾಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂತಳು ಪಾಪ. ಕೊನೆಗೆ ಅವಳ ಮನಸ್ಸಿಗೆ ಒಂದು ದಾರಿ ಕಂಡಿತು. ಅಟ್ಟದ ಮೇಲಿನ ಡಬ್ಬಿ ಇಳಿಸಿ, ದಿನಕ್ಕೊಂದು ಮಾತ್ರೆಯನ್ನು ನುಣ್ಣಗೆ ಅರೆದು, ಎಲೆಪುಡಿಯ ಲೋಟಕ್ಕೆ ಸೇರಿಸಿಬಿಟ್ಟಳು. ಇಪ್ಪತ್ತೊಂದು ವರ್ಷ ಪುಡಿ ಮಾಡಿದ ಕೈ, ಅವನಿಗೆ ಸಂಶಯವೇ ಬರಲಿಲ್ಲ. ಕಹಿಯ ಜೊತೆ ಕಹಿ ಸೇರಿಹೋಯಿತು.

ನನಗೆ ಇದನ್ನು ಹೇಳಿದಾಗ ನಾನು ಬೆನ್ನು ತಟ್ಟಿದೆ. “ಭಲೇ, ಬುದ್ಧಿ ಇದೆಯಲ್ಲ ನಿಂಗೆ!” ಎಂದೆ. ನಾವಿಬ್ಬರೂ ಹೊಟ್ಟೆ ತುಂಬ ನಕ್ಕೆವು. ಅವಳು ಆಮೇಲೆ ನಕ್ಕಿದ್ದನ್ನು ನಾನು ಕಾಣೆ.

ಏನಾಯಿತೆಂದರೆ, ಡಿಪೋದಲ್ಲಿ ಒಬ್ಬ ಕಾಂಪೌಂಡರು ವಾರಕ್ಕೊಮ್ಮೆ ಡ್ರೈವರುಗಳ ರಕ್ತದೊತ್ತಡ ಅಳೆಯುತ್ತಿದ್ದ. ಹಾರನ್‌ನದು ನೂರ ಮೂವತ್ತು ಬಂತು. ಮುಂದಿನ ವಾರವೂ ಅಷ್ಟೆ. ಅವನು ಬೆಂಚಿನ ಮೇಲೆ ಹತ್ತಿ ನಿಂತು, “ನೋಡ್ರೋ, ಮಾತ್ರೆ ಮುಟ್ಟಿಲ್ಲ! ಬರೀ ಎಲೆ!” ಎಂದು ಕೂಗಿದ. ಪತ್ರಿಕೆಯನ್ನು ನಂಬದವರೂ ಅಂಕಿಯನ್ನು ನಂಬಿದರು. ಎರಡು ತಿಂಗಳಿಗೆ ಏಳು ಜನ ಡ್ರೈವರುಗಳು ಮಾತ್ರೆ ಬಿಟ್ಟು ಗೋಡೆಬಳ್ಳಿ ಹಿಡಿದರು. ಹಾರನ್‌ನ ತಂಗಿ, ಎಲೆಯಕ್ಕನ ನಾದಿನಿ, ಹೊಲಿಗೆ ಮಾಡಿ ಒಬ್ಬಳೇ ಬದುಕುವ ಹೆಂಗಸು, ಅವಳೂ ಬಿಟ್ಟಳು. ಅವಳಿಗೆ ಒತ್ತಡ ಅಣ್ಣನಿಗಿಂತ ಹೆಚ್ಚು. ಎಲೆಯಕ್ಕ ಎಷ್ಟು ಲೋಟಕ್ಕೆ ಮಾತ್ರೆ ಅರೆದಾಳು?

ಒಂದು ಬೆಳಗ್ಗೆ ನಾದಿನಿಗೆ ಮಷೀನಿನ ಮುಂದೆ ಮೂಗಿನಿಂದ ರಕ್ತ ಸುರಿಯಿತು. ಹೊಲಿಯುತ್ತಿದ್ದ ಬಿಳಿ ಬಟ್ಟೆಯೆಲ್ಲ ಕೆಂಪು. “ಶಾಖಕ್ಕೆ ಬಂದಿರುತ್ತೆ ಅತ್ತಿಗೆ, ಪುಡಿ ಸ್ವಲ್ಪ ಜಾಸ್ತಿ ಕೊಡಿ” ಎಂದಳಂತೆ. ಎಲೆಯಕ್ಕ ಅಲ್ಲಿಂದ ನೇರ ಪ್ರಯೋಗಾಲಯಕ್ಕೆ ಬಂದು, ಬಚ್ಚಿಟ್ಟಿದ್ದ ಬಾಟಲಿಯನ್ನು ತೆಗೆದುಕೊಂಡು ಪ್ರೊಫೆಸರ ಕೋಣೆಗೆ ಹೋದಳು. ಇಪ್ಪತ್ತೊಂದು ವರ್ಷದಲ್ಲಿ ಕರೆಯದೆ ಅವಳು ಆ ಬಾಗಿಲು ದಾಟಿದ್ದು ಅದೊಂದೇ ಸಲ.

ಅರ್ಧ ಗಂಟೆಯಲ್ಲಿ ನನಗೆ ಕರೆ ಬಂತು. ಮೇಜಿನ ಮೇಲೆ ಬಾಟಲಿ, ಪಕ್ಕದಲ್ಲಿ ಒದ್ದೆಯಾಗಿ ಒಣಗಿದ ಎರಡು ಚೀಟಿ. ಪ್ರೊಫೆಸರು ಸಿಟ್ಟು ಮಾಡಿಕೊಂಡಿರಲಿಲ್ಲ. ಅವರ ದನಿ ತಣ್ಣಗಿತ್ತು.

“ನಮ್ಮಲ್ಲಿ ಹಳೇ ಬಾಟ್ಲಿ ಬಳಸ್ತೀವೇನ್ರಿ? ನಿಯಮ ನೀವೇ ಬರೆದು ಹಾಕಿದ್ದೀರಿ. ಗೋಡೆಬಳ್ಳಿಗೆ ಅವತ್ತು ನೀವು ಕೊಟ್ಟಿದ್ದು ಹಳೇದೋ, ಹೊಸದೋ?”

ಎಲೆಯಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಗ ಇದ್ದದ್ದು ನಿರಾಳ. ಅಣ್ಣ ಬಂದನಲ್ಲ ಎಂಬ ನಿರಾಳ. ಅದನ್ನು ನಾನು ಸಾಯುವವರೆಗೆ ಮರೆಯಲಾರೆ. ನನಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ನಿಯಮ ಮುರಿದೆ ಎಂದು ಸಾಬೀತಾದರೆ ಪಿಂಚಣಿಗೆ ಕಲ್ಲು. ಹೇಳಬಾರದಿತ್ತು, ಹೇಳಿದೆ.

“ಹೊಸದೇ ಸಾರ್.”

ಅವಳು ನೆಲ ನೋಡಿದಳು. ಪ್ರೊಫೆಸರು ಬಾಟಲಿಯನ್ನು ತಮ್ಮ ಕಪಾಟಿಗೆ ಇಟ್ಟು ಬೀಗ ಹಾಕಿದರು. “ಹೋಗಮ್ಮ, ಮನೇಲಿ ತೊಂದರೆ ಇದೆ ಅನ್ಸುತ್ತೆ, ಒಂದು ವಾರ ರಜ ತಗೋ” ಎಂದರು. ಹೊರಗೆ ಬಂದ ಮೇಲೆ ಓಣಿಯಲ್ಲಿ ನಾನು, “ನೋಡು, ನನ್ನ ಪರಿಸ್ಥಿತಿ...” ಎಂದು ಏನೋ ಶುರುಮಾಡಿದೆ. “ಬಿಡಿ ಸಾರ್” ಎಂದಳು. ಅಣ್ಣಾ ಎನ್ನಲಿಲ್ಲ. ನನಗೆ ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಮಧ್ಯಾಹ್ನವೇ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು, ಬಾಟಲಿ, ಚೀಟಿ, ಅರೆದ ಮಾತ್ರೆ, ಎಲ್ಲ. ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೂಗಾಡಿದ. ಕೂಗಾಡಿ ಸುಸ್ತಾದ ಮೇಲೆ ಕಟ್ಟಿನ ಕೆಳಗೆ ಗೋಡೆಗೊರಗಿ ಕೂತು, “ಆ ಏಳು ಜನ ನನ್ನ ನೋಡಿ ಬಿಟ್ರಲ್ಲೇ” ಎಂದ.

ಮರುದಿನ ಡಿಪೋಗೆ ಹೋಗಿ ಹೇಳಿದ. ಯಾರೂ ಕೇಳಲಿಲ್ಲ. “ಹೆಂಡ್ತಿಗೂ ಸಾಹೇಬರಿಗೂ ಜಗಳ ಆಗಿದೆ, ಅದಕ್ಕೆ ಎಲೆ ಮೇಲೆ ಗೂಬೆ ಕೂರಿಸ್ತಾನೆ” ಎಂದರು. “ಕಂಪನಿಯವರು ಮಾರ್ಬೇಕಲ್ಲ, ನಮಗೆ ಬಿಟ್ಟಿ ಸಿಗೋದು ಅವರಿಗೆ ಆಗ್ತಿಲ್ಲ, ಹೇಳಿಸ್ತಿದ್ದಾರೆ” ಎಂದ ಇನ್ನೊಬ್ಬ. ಸ್ವಂತ ತಂಗಿಯೇ, “ಅತ್ತಿಗೆಗೆ ನನ್ನ ಆರೋಗ್ಯ ಕಂಡರೆ ಹೊಟ್ಟೆಯುರಿ” ಎಂದಳು. ಅಂಕಿ ನೋಡಿ ನಂಬಿದವರು ಮಾತು ಕೇಳಿ ಬಿಡುತ್ತಾರೆಯೇ?

ಹಾರನ್ ನನ್ನ ಸ್ಟೋರಿಗೂ ಬಂದ. ಕಿಟಕಿಯ ಸರಳು ಹಿಡಿದುಕೊಂಡು, ಅವನ ಮಟ್ಟಿಗೆ ಮೆತ್ತಗೆ ಕೇಳಿದ. “ಅಣ್ಣಾ, ಒಂದೇ ಒಂದು ಮಾತು. ಡಿಪೋಗೆ ಬಂದು ಬಾಟ್ಲಿ ಹಳೇದು ಅಂತ ಹೇಳಿಬಿಡಿ. ನೀವು ಆಫೀಸಿನವರು, ನೀವು ಹೇಳಿದ್ರೆ ಕೇಳ್ತಾರೆ. ಎಂಟು ಜೀವ.”

ನಾನು ಲೆಡ್ಜರಿನಿಂದ ತಲೆಯೆತ್ತಲಿಲ್ಲ. “ನನಗೆ ನೆನಪಿಲ್ಲಪ್ಪ” ಎಂದೆ.

ಅವನು ಸರಳು ಬಿಟ್ಟು ಹೋದ. ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಒಂದೇ. ಅಂಕಿಯಿಂದ ಹುಟ್ಟಿದ ನಂಬಿಕೆಯನ್ನು ಅಂಕಿಯಿಂದಲೇ ಕೆಡವಬೇಕು. ಡಿಪೋದಲ್ಲಿ ಎಲ್ಲರಿಗೂ ಹೇಳಿದ: ನಾನು ರಜ ಹಾಕುತ್ತೇನೆ, ಬಸ್ಸು ಮುಟ್ಟುವುದಿಲ್ಲ. ಇವತ್ತಿನಿಂದ ಬರೀ ಎಲೆ. ದಿನವೂ ಬೆಳಗ್ಗೆ ಇಲ್ಲಿಗೆ ಬರುತ್ತೇನೆ, ನಿಮ್ಮೆಲ್ಲರ ಮುಂದೆ ಅಳೆಯಲಿ. ಕಾಂಪೌಂಡರು ಒಪ್ಪಲಿಲ್ಲ. ಜನ ಒತ್ತಾಯ ಮಾಡಿದ ಮೇಲೆ, “ನೂರ ಎಂಬತ್ತು ದಾಟಿದ್ರೆ ಆಟ ಬಂದ್, ಇಲ್ಲೇ ಮಾತ್ರೆ ನುಂಗ್ಬೇಕು” ಎಂದು ಕಟ್ಟುಮಾಡಿದ.

ಎಲೆಯಕ್ಕ ಅವನ ಕಾಲು ಹಿಡಿದಳಂತೆ. “ನನಗೆ ಕೆಲಸ ಬೇಡ, ಹೆಸರು ಬೇಡ, ಯಾರು ಏನಾದ್ರೂ ಆಗ್ಲಿ, ನೀವು ಮಾತ್ರೆ ತಗೊಳಿ” ಎಂದಳಂತೆ. ಅವನು, “ನನ್ನ ತಂಗಿ ಆದ್ರೂ ಪರವಾಗಿಲ್ವಾ?” ಎಂದ. ಅವಳು ಹಿಡಿದ ಕಾಲು ಬಿಟ್ಟಳು.

ಆ ಬೆಳಗುಗಳನ್ನು ನೀವೇ ಊಹಿಸಿಕೊಳ್ಳಿ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದ, ಎಲ್ಲಿ ಮಾತ್ರೆ ಸೇರಿಸಿಬಿಡುತ್ತಾಳೋ ಎಂದು. ಸೇರಿಸಿದರೆ ಗಂಡ ಉಳಿಯುತ್ತಾನೆ, ಆ ಎಂಟು ಜನ ಹೋಗುತ್ತಾರೆ. ಸೇರಿಸದಿದ್ದರೆ ತನ್ನ ಕೈಯಿಂದಲೇ ಗಂಡನ ಒತ್ತಡ ಏರಿಸಬೇಕು. ಎರಡನೆಯ ದಿನ ಅವಳು ಮಾತ್ರೆಯ ಪುಡಿಯನ್ನು ಉಗುರಿನ ಸಂದಿಯಲ್ಲಿ ತುಂಬಿಕೊಂಡು ಬಂದಿದ್ದಳಂತೆ. ಅವನು ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಹತ್ತು ಬೆರಳನ್ನೂ ತೊಳೆದ. ಆಮೇಲೆ ಅವಳೇ ಪುಡಿ ಕಲಸಿದಳು.

ನೂರ ಮೂವತ್ತೆರಡು. ನೂರ ನಲವತ್ತು. ನೂರ ಐವತ್ತೆಂಟು. ನಾಲ್ಕನೆಯ ದಿನ ಮೂವರು ಡ್ರೈವರುಗಳು ಸದ್ದಿಲ್ಲದೆ ಔಷಧಿ ಅಂಗಡಿಗೆ ಹೋದರು. ಐದನೆಯ ದಿನ ನೂರ ಎಪ್ಪತ್ತಾರು, ಇನ್ನಿಬ್ಬರು ಹೋದರು. ಉಳಿದ ಇಬ್ಬರು, “ಚಿಂತೆಗೆ ಏರಿರುತ್ತೆ” ಎಂದರು. ನಾದಿನಿಯಂತೂ ಅಳೆಯುವುದನ್ನು ನೋಡಲೂ ಬರಲಿಲ್ಲ. ಅವತ್ತು ಸಂಜೆ ಹಾರನ್ ಅವಳ ಮನೆಗೆ ಹೋಗಿ, “ನಾಳೆ ಬರ್ಲಿಲ್ಲ ಅಂದ್ರೆ ನಿನಗೆ ಅಣ್ಣ ಇಲ್ಲ ಅಂದ್ಕೋ” ಎಂದು ಹೇಳಿ ಬಂದ.

ಆರನೆಯ ದಿನ ನಾನೂ ಹೋಗಿದ್ದೆ. ಹೌದು, ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದೆ. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ಬಂದು, ಬಾಟಲಿ ಹಳೆಯದು, ಕೊಟ್ಟವನು ನಾನು, ನಿಲ್ಲಿಸಿ ಎಂದು ಹೇಳಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಬಾಯಿಯ ತುದಿಗೆ ಬಂದಿತ್ತು. ಕಾಲು ಏಳಲಿಲ್ಲ. ಕೈ ಮಾತ್ರ ಸೊಂಟದ ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಕಾಂಪೌಂಡರು ಪಟ್ಟಿ ಬಿಚ್ಚಿ, “ನೂರ ತೊಂಬತ್ತೆಂಟು” ಎಂದ. ಹಾರನ್ ಎದ್ದು ಬೆಂಚಿನ ಮೇಲೆ ಹತ್ತಿದ. ಜೇಬಿನಿಂದ ಮಾತ್ರೆ ತೆಗೆದು ಮೇಲೆ ಹಿಡಿದು ತೋರಿಸಿದ. “ನೋಡಿದ್ರಲ್ಲ? ಇಷ್ಟು ದಿನ ನನ್ನ ಉಳಿಸಿದ್ದು ಇದು. ಇದನ್ನ ಅರೆದು ಹಾಕಿದ್ದು ನನ್ನ ಹೆಂಡ್ತಿ. ಅವಳು ಸುಳ್ಳುಗಾರ್ತಿ ಅಲ್ಲ” ಎಂದು ಕೂಗಿದ. ತಂಗಿ ಎದುರಿಗೇ ನಿಂತಿದ್ದಳು. “ನುಂಗ್ತೀಯೇನೇ ಇನ್ಮೇಲೆ?” ಎಂದ. ಅವಳು ಅಳುತ್ತಾ ತಲೆಯಾಡಿಸಿದಳು. ಎಲೆಯಕ್ಕ ನೀರಿನ ಲೋಟ ಹಿಡಿದು ಬೆಂಚಿನ ಪಕ್ಕದಲ್ಲೇ ಇದ್ದಳು, ಕೈ ಮೇಲೆತ್ತಿ ಕೊಟ್ಟಳು. ಅವನು ಬಲಗೈಯಲ್ಲಿ ತೆಗೆದುಕೊಂಡ. ಲೋಟ ಕೈಯಲ್ಲಿ ನಿಲ್ಲಲಿಲ್ಲ. ಗಾಜಿನದು, ಕೆಳಗೆ ಬಿದ್ದು ಪುಡಿಯಾಯಿತು. ಅವನು ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದ. ಏನೋ ಹೇಳಲು ಹೋದ, ಬಾಯಿ ಒಂದು ಕಡೆಗೆ ವಾಲಿತು. ಎಲ್ಲರೂ ಸೇರಿ ಕೆಳಗಿಳಿಸುವಷ್ಟರಲ್ಲಿ ಬಲಗಾಲೂ ಹೋಗಿತ್ತು.

ಜೀವ ಉಳಿಯಿತು. ಏಳು ಜನವೂ ಮಾತ್ರೆಗೆ ಮರಳಿದರು, ನಾದಿನಿಯೂ. ಎಲೆಯಕ್ಕನಿಗೆ ಆ ವರ್ಷದ ಸಹಿ ಬೀಳಲಿಲ್ಲ. ಕ್ಯಾಪ್ಸೂಲ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದೆ. ನನಗೆ ನಿವೃತ್ತಿಯ ದಿನ ಹಾರ ಹಾಕಿದರು. ಒಂದು ತಪ್ಪಿಲ್ಲದೆ ಸ್ಟೋರ್ ನೋಡಿಕೊಂಡರು ಎಂದು ಪ್ರೊಫೆಸರೇ ಭಾಷಣ ಮಾಡಿದರು. ಥೂ, ನನ್ನ ಜನ್ಮಕ್ಕೆ.

ಹೋದ ತಿಂಗಳು ಧೈರ್ಯ ಮಾಡಿ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಯಲ್ಲಿ ಕಟ್ಟು ಇರಲಿಲ್ಲ. ಮೊಳೆ ಇತ್ತು, ಅದಕ್ಕೆ ಮಾತ್ರೆಗಳ ಚೀಲ ತೂಗಿತ್ತು. ಹಾರನ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಬಸ್ಸು ನೋಡುತ್ತಿದ್ದ. ನನ್ನನ್ನು ಕಂಡು ಎಡಗೈ ಎತ್ತಿದ. ಏನೋ ಅಂದ, ನನಗೆ ತಿಳಿಯಲಿಲ್ಲ. ಮೂರು ಮನೆಗೆ ಕೇಳುತ್ತಿದ್ದ ದನಿ ಮೂರು ಅಡಿ ದೂರಕ್ಕೆ ಕೇಳಲಿಲ್ಲ. “ಕೂತ್ಕೊಳಿ ಅಂತಿದ್ದಾರೆ” ಎಂದಳು ಎಲೆಯಕ್ಕ. ಈಗ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯಲು ಹೋಗುತ್ತಾಳೆ. ಉಗುರಿನ ಹಸಿರು ಹೋಗಿತ್ತು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. “ನಾನು ಬರೆದು ಕೊಡ್ತೀನಮ್ಮ. ಬಾಟ್ಲಿ ಹಳೇದು, ಕೊಟ್ಟವನು ನಾನು ಅಂತ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಪಿಂಚಣಿ ಹೋದ್ರೆ ಹೋಗ್ಲಿ.”

ಅವಳು ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. “ಬಿಸಿಲಲ್ಲಿ ಬಂದಿದ್ದೀರಿ, ನೀರು ತರ್ತೀನಿ” ಎಂದು ಒಳಗೆ ಹೋದಳು. ಒಲೆಯ ಪಕ್ಕದ ಗೂಡಿನಲ್ಲಿ ತೊಳೆದು ಬೋರಲು ಹಾಕಿದ ಲೋಟಗಳು ನಾನು ಕೂತಲ್ಲಿಂದಲೇ ಕಾಣುತ್ತಿದ್ದವು. ಅವಳು ಅವನ್ನು ಮುಟ್ಟಲಿಲ್ಲ. ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು. ಅದರಿಂದ ಒಂದು ಗಾಜಿನ ಲೋಟ ತೆಗೆದು, ಸುತ್ತಿದ್ದ ಕಾಗದ ಬಿಚ್ಚಿ, ನೀರು ತುಂಬಿ ತಂದು ನನ್ನ ಕೈಗೆ ಕೊಟ್ಟಳು. ಅಂಗಡಿಯ ಚೀಟಿ ಲೋಟದ ತಳದಲ್ಲಿ ಇನ್ನೂ ಹಾಗೇ ಅಂಟಿತ್ತು.

ನಾನು ಲೋಟ ಹಿಡಿದುಕೊಂಡು ಅವಳ ಮುಖ ನೋಡಿದೆ.

“ಕುಡೀರಿ” ಎಂದಳು. “ಹೊಸದೇ ಸಾರ್.”